ಸುಣ್ಣ, ಉಪ್ಪು, ಸೋಡಾ: ರಾಸಾಯನಿಕ ಸಮತೋಲನವನ್ನು ಮನೆಯಲ್ಲೇ ಮಾಡಿ ಕಲಿಯುವ ಬಗೆ

ಪ್ರಥಮ ಪಿಯುಸಿಯಲ್ಲಿ ಸಮತೋಲನದ ಪಾಠ ಬಂದಾಗ ಹೆಚ್ಚಿನ ಮಕ್ಕಳು ಸೂತ್ರ ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಲೆಕ್ಕ ಬಿಡಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ‘ಸಮತೋಲನಕ್ಕೆ ಬಂದ ಮೇಲೆ ಕ್ರಿಯೆ ನಿಲ್ಲುತ್ತದೆಯೇ?’ ಎಂದು ಕೇಳಿ ನೋಡಿ, ಅರ್ಧ ತರಗತಿ ಹೌದೆಂದು ತಲೆಯಾಡಿಸುತ್ತದೆ. ಉತ್ತರ ಕನ್ನಡದ ಮಕ್ಕಳಿಗೆ ಹೀಗಾಗಬಾರದು. ಅಘನಾಶಿನಿ ಅಳಿವೆಯ ಚಿಪ್ಪಿ, ಅದನ್ನು ಸುಟ್ಟು ಮಾಡುವ ಸುಣ್ಣ, ಸಾಣಿಕಟ್ಟಾದ ಉಪ್ಪಿನ ಆಗರ, ಯಾಣದ ಸುಣ್ಣಕಲ್ಲಿನ ಶಿಖರಗಳು, ಎಲ್ಲವೂ ಇದೇ ಪಾಠದ ಉದಾಹರಣೆಗಳು. ಇವುಗಳನ್ನು ಬಿಟ್ಟು ಹೈಡ್ರೊಜನ್, ಅಯೊಡಿನ್ ಎಂದು ಮನೆಯಲ್ಲಿ ಸಿಗದ ಅನಿಲಗಳಿಂದ ಶುರುಮಾಡುವುದು ನನಗೆ ಸರಿಕಾಣುವುದಿಲ್ಲ.

ಈ ಮಾರ್ಗದರ್ಶಿಗೆ ಬೇಕಾಗುವ ಸಾಮಾನು ಇಷ್ಟೇ: ಅರಿಶಿನ ಪುಡಿ, ಕವಳಕ್ಕೆ (ಎಲೆಯಡಿಕೆಗೆ) ಹಾಕುವ ಸುಣ್ಣ, ಒಂದು ಲಿಂಬೆಹಣ್ಣು, ತಣ್ಣಗಿನ ಸೋಡಾ ಒಂದು ಬಾಟಲಿ, ಹರಳುಪ್ಪು, ಮುಚ್ಚಳ ಬಿಗಿಯಾಗಿ ಕೂರುವ ಗಾಜಿನ ಬಾಟಲಿ ಎರಡು. ಸುಣ್ಣ ಈಗಾಗಲೇ ನೀರು ಕುಡಿದು ಆರಿದ್ದೇ ಆಗಿರಲಿ. ಸುಟ್ಟ ಸುಣ್ಣದ ಗಟ್ಟಿಗೆ ಮನೆಯಲ್ಲಿ ನೀರು ಹಾಕುವ ಪ್ರಯೋಗ ಬೇಡವೇ ಬೇಡ, ಅದು ಕುದಿದು ಸಿಡಿಯುತ್ತದೆ. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಬೇಕು.

ಹೆಜ್ಜೆ 1: ಒಂದೇ ಕ್ರಿಯೆಯನ್ನು ಎರಡೂ ದಿಕ್ಕಿಗೆ ಓಡಿಸಿ ನೋಡಿ

ಆರತಿಗೆ ಓಕುಳಿ ಕಲೆಸುವುದನ್ನು ನೋಡದ ಮಗು ನಮ್ಮ ಕಡೆ ಇಲ್ಲ. ಅರ್ಧ ಲೋಟ ನೀರಿಗೆ ಚಿಟಿಕೆ ಅರಿಶಿನ ಕದಡಿ. ಕಡ್ಡಿಯ ತುದಿಯಲ್ಲಿ ಸ್ವಲ್ಪವೇ ಸುಣ್ಣ ತೆಗೆದು ಅದರಲ್ಲಿ ಅಲ್ಲಾಡಿಸಿ. ಕಡ್ಡಿಯ ಸುತ್ತ ಮೊದಲು ಕೆಂಪು ಎಳೆಗಳು ಏಳುತ್ತವೆ, ಅವು ಹಳದಿಯೊಳಗೆ ಸುತ್ತಿಕೊಳ್ಳುತ್ತವೆ, ಆಮೇಲೆ ಇಡೀ ಲೋಟ ಕೆಂಪಾಗುತ್ತದೆ. ಈಗ ಲಿಂಬೆರಸ ಹನಿಹನಿಯಾಗಿ ಬಿಡಿ. ಹನಿ ಬಿದ್ದಲ್ಲಿ ಹಳದಿ ಮಚ್ಚೆ ಮೂಡಿ, ಕಲಕಿದರೆ ಮಾಯವಾಗುತ್ತದೆ. ಇನ್ನಷ್ಟು ಹನಿ ಬಿದ್ದಮೇಲೆ ಲೋಟವೆಲ್ಲ ಹಳದಿ. ಮತ್ತೆ ಸುಣ್ಣ ಹಾಕಿದರೆ ಮತ್ತೆ ಕೆಂಪು.

ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅಣು ಪ್ರತ್ಯಾಮ್ಲದಲ್ಲಿ ಒಂದು ಹೈಡ್ರೊಜನ್ ಅಯಾನನ್ನು ಬಿಟ್ಟುಕೊಟ್ಟು ಕೆಂಪು ರೂಪಕ್ಕೆ ಹೋಗುತ್ತದೆ, ಆಮ್ಲದಲ್ಲಿ ಅದನ್ನು ವಾಪಸ್ ಹಿಡಿದು ಹಳದಿಯಾಗುತ್ತದೆ. ಹೀಗೆ ಬರೆದುಕೊಳ್ಳಿ:

ಹಳದಿ ರೂಪ ⇌ ಕೆಂಪು ರೂಪ + ಹೈಡ್ರೊಜನ್ ಅಯಾನು

ಎಡದಿಂದ ಬಲಕ್ಕೆ ಮುಮ್ಮುಖ ಕ್ರಿಯೆ, ಬಲದಿಂದ ಎಡಕ್ಕೆ ಹಿಮ್ಮುಖ ಕ್ರಿಯೆ. ಪ್ರಯೋಗವನ್ನು ಒಂದೇ ಸಲಕ್ಕೆ ಮುಗಿಸಿ. ಕೆಂಪು ನೀರನ್ನು ಗಂಟೆಗಟ್ಟಲೆ ಇಟ್ಟರೆ ಪ್ರತ್ಯಾಮ್ಲದಲ್ಲಿ ಕರ್ಕ್ಯುಮಿನ್ ಒಡೆದು ಬೇರೆಯೇ ಆಗಿಬಿಡುತ್ತದೆ. ಆ ಒಡೆತ ಹಿಂದಿರುಗುವಂಥದ್ದಲ್ಲ, ಎಷ್ಟು ಲಿಂಬೆ ಹಿಂಡಿದರೂ ಮೊದಲಿನ ಹಳದಿ ಪೂರ್ತಿ ಬರುವುದಿಲ್ಲ. ಒಂದೇ ಲೋಟದಲ್ಲಿ ಎರಡು ಬಗೆಯ ಕ್ರಿಯೆ ಇರಬಹುದು ಎನ್ನುವುದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು.

ಹೆಜ್ಜೆ 2: ‘ಏನಾದರೂ ಹೊರಗೆ ಹೋಗುತ್ತಿದೆಯೇ, ಒಳಗೆ ಬರುತ್ತಿದೆಯೇ?’ ಎಂದು ಕೇಳಿ

ನನ್ನ ಮಟ್ಟಿಗೆ ಇಡೀ ಪಾಠದ ಕೀಲಿ ಈ ಪ್ರಶ್ನೆಯಲ್ಲಿದೆ. ಲೆಕ್ಕಕ್ಕೆ ಕೈಹಾಕುವ ಮೊದಲು ಇದನ್ನು ಕೇಳಿಕೊಂಡವರು ದಾರಿ ತಪ್ಪುವುದು ಅಪರೂಪ.

ಚಿಪ್ಪಿ ಸುಣ್ಣದ ಭಟ್ಟಿಯನ್ನೇ ತೆಗೆದುಕೊಳ್ಳಿ. ಚಿಪ್ಪಿಯ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್.

ಕ್ಯಾಲ್ಸಿಯಂ ಕಾರ್ಬೊನೇಟ್ ⇌ ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

ಶುದ್ಧ ಕಾರ್ಬೊನೇಟ್ 100 ಗ್ರಾಂ ಪೂರ್ತಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಅನಿಲವಾಗಿ ಹೋಗುತ್ತದೆ. ಇದನ್ನೇ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಒಳಗಿನ ಕಾರ್ಬನ್ ಡೈಆಕ್ಸೈಡಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಐದನೇ ಒಂದು ಭಾಗಕ್ಕೆ ಏರಿ ಅಲ್ಲಿಗೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಒಡೆಯುವ ವೇಗಕ್ಕೂ ಮರಳಿ ಕೂಡುವ ವೇಗಕ್ಕೂ ಸರಿಸಮವಾಗಿರುತ್ತದೆ, ಇದೇ ಸಮತೋಲನ. ಚಿಪ್ಪಿ ಇನ್ನೂ ಬಾಕಿ ಇದ್ದರೂ ಸುಣ್ಣ ಹೆಚ್ಚುವುದಿಲ್ಲ. ಸುಮಾರು 900 ಡಿಗ್ರಿಯಲ್ಲಿ ಆ ಒತ್ತಡ ಒಂದು ವಾತಾವರಣಕ್ಕೆ ಮುಟ್ಟುತ್ತದೆ.

ಭಟ್ಟಿ ಮುಚ್ಚಿದ ಪಾತ್ರೆಯಲ್ಲ. ಕೆಳಗಿನಿಂದ ಗಾಳಿ ನುಗ್ಗಿ ಮೇಲಿನಿಂದ ಹೊರಡುವಂತೆ ಅದನ್ನು ಕಟ್ಟುತ್ತಾರೆ. ಗಾಳಿ ಬೇಕಿರುವುದು ಇದ್ದಿಲು ಉರಿಯುವುದಕ್ಕೆ ಮಾತ್ರ ಎಂದು ತಿಳಿಯುವವರು ಬಹಳ. ಹುಟ್ಟಿದ ಕಾರ್ಬನ್ ಡೈಆಕ್ಸೈಡನ್ನು ಚಿಪ್ಪಿಯ ಹತ್ತಿರ ಉಳಿಯಗೊಡದೆ ಒಯ್ಯುವುದೂ ಆ ಗಾಳಿಯ ಕೆಲಸವೇ. ಅನಿಲ ಹೋಗುತ್ತಲೇ ಇದ್ದರೆ ಹಿಮ್ಮುಖ ಕ್ರಿಯೆಗೆ ಸಾಮಗ್ರಿಯೇ ಸಿಗುವುದಿಲ್ಲ, ಚಿಪ್ಪಿ ಪೂರ್ತಿ ಸುಣ್ಣವಾಗುತ್ತದೆ.

ಇನ್ನು ಅದೇ ಸುಣ್ಣ ಗೋಡೆಗೆ ಹೋದಾಗ ಏನಾಗುತ್ತದೆ? ಸಾಮಾನ್ಯ ಉಷ್ಣತೆಯಲ್ಲಿ ಕಾರ್ಬೊನೇಟ್ ಹೊರಬಿಡುವ ಅನಿಲದ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬರೀ ಶೇಕಡಾ 0.04ರಷ್ಟಿದ್ದರೂ ಅದರ ಮುಂದೆ ಅದೇ ಬಹಳವಾಯಿತು. ಹಾಗಾಗಿ ಆರಿದ ಸುಣ್ಣ ಗಾಳಿಯಿಂದ ಅನಿಲ ಹೀರಿ ಮತ್ತೆ ಕಲ್ಲಾಗುತ್ತದೆ. ಕವಳದ ಸುಣ್ಣದ ಮೇಲೆ ಮನೆಯ ಹಿರಿಯರು ಸದಾ ಸ್ವಲ್ಪ ನೀರು ನಿಲ್ಲಿಸಿ ಡಬ್ಬಿ ಮುಚ್ಚಿಡುವುದು ಈ ಕಾರಣಕ್ಕೇ.

ಹೆಜ್ಜೆ 3: ಸುಣ್ಣದ ತಿಳಿನೀರು ಮಾಡಿ, ಸೋಡಾ ಸುರಿಯಿರಿ

ಒಂದು ಲೀಟರ್ ನೀರಿಗೆ ಒಂದು ಚಮಚ ಸುಣ್ಣ ಹಾಕಿ ಕುಲುಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಬಿಳಿ ಗಸಿ, ಮೇಲೆ ತಿಳಿನೀರು. ಎಷ್ಟು ಹೊತ್ತು ಬಿಟ್ಟರೂ ಲೀಟರಿಗೆ ಕರಗುವುದು ಸುಮಾರು 1.7 ಗ್ರಾಂ ಮಾತ್ರ. ಮೇಲಿನ ನೀರನ್ನು ಕದಡದಂತೆ ಬಗ್ಗಿಸಿ ಬೇರೆ ಬಾಟಲಿಗೆ ತುಂಬಿ ಮುಚ್ಚಿ.

ಈ ತಿಳಿನೀರಿನಲ್ಲಿ ಕಾಲು ಲೋಟ ತೆಗೆದು ಅಷ್ಟೇ ಸಾದಾ ನೀರು ಬೆರೆಸಿ. ಸೋಡಾ ಸ್ವಲ್ಪ ಸ್ವಲ್ಪ ಸುರಿಯಿರಿ. ಮೊದಲು ಹಾಲಿನಂತೆ ಬೆಳ್ಳಗಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟಿದೆ ಎಂದರ್ಥ. ಇಲ್ಲಿಗೆ ನಿಲ್ಲಿಸಬೇಡಿ. ಸೋಡಾ ಸುರಿಯುತ್ತಲೇ ಇರಿ, ಮಧ್ಯೆ ಮಧ್ಯೆ ಒಂದೆರಡು ನಿಮಿಷ ಕಾಯಿರಿ. ಬಿಳುಪು ತೆಳುವಾಗುತ್ತಾ ಹೋಗಿ ನೀರು ಮತ್ತೆ ತಿಳಿಯಾಗುತ್ತದೆ. ಸೋಡಾ ತಣ್ಣಗಿರಬೇಕು, ಆಗಷ್ಟೇ ತೆರೆದದ್ದಾಗಿರಬೇಕು, ಧಾರಾಳವಾಗಿಯೂ ಬೇಕು.

ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು + ಕಾರ್ಬನ್ ಡೈಆಕ್ಸೈಡ್ ⇌ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್

ಈಗ ಈ ತಿಳಿನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ. ಗುಳ್ಳೆಗಳಲ್ಲಿ ಅನಿಲ ಹೊರಟು ನೀರು ಪುನಃ ಬೆಳ್ಳಗಾಗುತ್ತದೆ. ಹೆಜ್ಜೆ 2ರ ಪ್ರಶ್ನೆ ಕೇಳಿ: ಒಳಗೆ ಬಂದದ್ದು ಯಾವುದು? ಸೋಡಾದ ಅನಿಲ, ಅದಕ್ಕೇ ಬಲಕ್ಕೆ ಹೋಯಿತು. ಹೊರಗೆ ಹೋದದ್ದು? ಅದೇ ಅನಿಲ, ಅದಕ್ಕೇ ಎಡಕ್ಕೆ ಬಂತು.

ಯಾಣದಲ್ಲಿ 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ನೋಡಿದವರಿಗೆ ಆ ಕಪ್ಪು ಬಂಡೆ ಸುಣ್ಣಕಲ್ಲು ಎಂದರೆ ನಂಬಿಕೆ ಬರುವುದು ಕಷ್ಟ. ಮಳೆನೀರು ಕಾಡಿನ ಮಣ್ಣಿನ ಮೂಲಕ ಇಳಿಯುವಾಗ, ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು ಕಾರ್ಬನ್ ಡೈಆಕ್ಸೈಡನ್ನು ಮಣ್ಣಿನಿಂದ ಪಡೆಯುತ್ತದೆ. ಅಂಥ ನೀರು ಸುಣ್ಣಕಲ್ಲನ್ನು ಬಲಕ್ಕೆ ಎಳೆಯುತ್ತದೆ, ಅಂದರೆ ಕರಗಿಸುತ್ತದೆ. ಇಂಥ ಬಂಡೆಗಳ ಮೊನೆ, ಸಂದು, ಗುಹೆಗಳೆಲ್ಲ ಹೀಗೆ ಕರಗಿ ಆದವು. ನಿಮ್ಮ ಲೋಟದಲ್ಲಿ ಐದು ನಿಮಿಷಕ್ಕೆ ನಡೆದದ್ದೂ ಅದೇ ಕ್ರಿಯೆ.

ಹೆಜ್ಜೆ 4: ನಿಂತಂತೆ ಕಂಡರೂ ನಿಂತಿಲ್ಲ ಎನ್ನುವುದನ್ನು ಖಚಿತಮಾಡಿಕೊಳ್ಳಿ

ಬಾಟಲಿಯಲ್ಲಿ ಹರಳುಪ್ಪನ್ನು ಕರಗುವಷ್ಟು ಕರಗಿಸಿ. 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತದೆ. ಅಡಿಯಲ್ಲಿ ಕರಗದೆ ಉಳಿದ ಉಪ್ಪು ಇರಲಿ. ಅದರಲ್ಲಿ ಮೂಲೆ ಮುರಿದ ಒಂದು ದಪ್ಪ ಹರಳು ಇಳಿಬಿಟ್ಟು, ಮುಚ್ಚಿ, ವಾರಗಟ್ಟಲೆ ಅಲುಗಿಸದೆ ಇಡಿ. ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಮುರಿದ ಮೂಲೆ ನಿಧಾನಕ್ಕೆ ನೆಟ್ಟಗಾಗುತ್ತಾ ಬರುತ್ತದೆ. ಒಂದು ಕಡೆ ಕರಗಿ ಇನ್ನೊಂದು ಕಡೆ ಕೂಡದೆ ಇದು ಸಾಧ್ಯವಿಲ್ಲ. ವಿಜ್ಞಾನಿಗಳು ಇದನ್ನೇ ವಿಕಿರಣಶೀಲ ಸೋಡಿಯಂ ಬಳಸಿ ತೋರಿಸಿದ್ದಾರೆ: ಗುರುತು ಹಾಕಿದ ಉಪ್ಪಿನ ಹರಳನ್ನು ಸಾದಾ ಉಪ್ಪಿನ ತುಂಬು ದ್ರಾವಣದಲ್ಲಿ ಹಾಕಿದರೆ, ಸ್ವಲ್ಪ ಹೊತ್ತಿಗೆ ದ್ರಾವಣದಲ್ಲೂ ವಿಕಿರಣ ಸಿಗುತ್ತದೆ.

ಸಾಣಿಕಟ್ಟಾದ ಆಗರದಲ್ಲಿ ಬಾಟಲಿಗೆ ಮುಚ್ಚಳವಿಲ್ಲ, ಬಿಸಿಲು ನೀರನ್ನು ಒಯ್ಯುತ್ತಲೇ ಇರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಒಟ್ಟು ಲವಣ ಸುಮಾರು 35 ಗ್ರಾಂ. ನೀರು ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕ ಅಡುಗೆ ಉಪ್ಪು ಹರಳುಗಟ್ಟುವುದಿಲ್ಲ. ಅದಕ್ಕೂ ಮುಂಚೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಹಿಂದೆ ಜಿಪ್ಸಂ ಕೂರುತ್ತವೆ. ಮೆಗ್ನೀಷಿಯಂ ಲವಣಗಳು ಕೊನೆಯ ಕಹಿ ನೀರಿನಲ್ಲಿ ಉಳಿಯುತ್ತವೆ. ಒಂದೊಂದು ಲವಣಕ್ಕೂ ಒಂದೊಂದು ಮಿತಿ ಇರುವುದರಿಂದಲೇ ಆಗರದ ಉಪ್ಪು ತಿನ್ನುವಷ್ಟು ಶುದ್ಧವಾಗಿ ಸಿಗುತ್ತದೆ.

ಉಪ್ಪಿನ ದಂಡೆಯಲ್ಲೇ ಈ ವಿಷಯ ಒಬ್ಬರಿಗೆ ಹೊಳೆದದ್ದೂ ಉಂಟು. ಫ್ರಾನ್ಸಿನ ರಸಾಯನವಿಜ್ಞಾನಿ ಕ್ಲೋಡ್ ಲೂಯಿ ಬರ್ತೊಲೆ 1798ರಲ್ಲಿ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋದವರು. ಅಲ್ಲಿನ ನೇಟ್ರನ್ ಸರೋವರಗಳ ಅಂಚಿನಲ್ಲಿ ಸೋಡಿಯಂ ಕಾರ್ಬೊನೇಟ್ ಕಟ್ಟಿದ್ದನ್ನು ಕಂಡರು. ಪ್ರಯೋಗಾಲಯದಲ್ಲಿ ಸೋಡಿಯಂ ಕಾರ್ಬೊನೇಟೂ ಕ್ಯಾಲ್ಸಿಯಂ ಕ್ಲೋರೈಡೂ ಸೇರಿ ಉಪ್ಪು, ಸುಣ್ಣಕಲ್ಲು ಆಗುತ್ತವೆ. ಅಲ್ಲಿ ತಿರುಗುಮುರುಗು: ಉಪ್ಪೂ ಸುಣ್ಣಕಲ್ಲೂ ರಾಶಿರಾಶಿಯಾಗಿ ಇದ್ದುದರಿಂದ ಕ್ರಿಯೆ ಹಿಂದಕ್ಕೆ ಓಡಿತ್ತು. ಯಾವ ದಿಕ್ಕು ಎನ್ನುವುದು ಪದಾರ್ಥದ ಸ್ವಭಾವದಷ್ಟೇ ಪ್ರಮಾಣವನ್ನೂ ಅವಲಂಬಿಸಿದೆ ಎಂಬ ಮಾತು ಅಲ್ಲಿಂದ ಶುರುವಾಯಿತು. ಅದನ್ನು ಲೆಕ್ಕಕ್ಕೆ ಇಳಿಸಿದವರು ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ, 1864ರಲ್ಲಿ.

ಹೆಜ್ಜೆ 5: ಸ್ಥಿರಾಂಕ ಬರೆಯುವುದು

ಉತ್ಪನ್ನಗಳ ಸಾರತೆಗಳನ್ನು (ಲೀಟರಿಗೆ ಎಷ್ಟು ಮೋಲ್ ಎಂಬುದನ್ನು) ಗುಣಿಸಿ ಮೇಲೆ, ಪ್ರತಿವರ್ತಕಗಳ ಸಾರತೆಗಳನ್ನು ಗುಣಿಸಿ ಕೆಳಗೆ. ಸಮೀಕರಣದಲ್ಲಿ ಪದಾರ್ಥದ ಹೆಸರಿಗೆ ಮೊದಲು ಬರುವ ಸಂಖ್ಯೆ ಘಾತವಾಗುತ್ತದೆ. ಬಂದ ಭಾಗಲಬ್ಧವೇ ಸಮತೋಲನ ಸ್ಥಿರಾಂಕ, ‘ಕೆ’. ಘನ ಪದಾರ್ಥಗಳನ್ನು ಬಿಡಬೇಕು. ಅನಿಲವಾದರೆ ಸಾರತೆಯ ಬದಲು ಅದರ ಒತ್ತಡ ಬರೆಯಬಹುದು. ಭಟ್ಟಿಯ ಕ್ರಿಯೆಯಲ್ಲಿ ಚಿಪ್ಪಿಯೂ ಸುಣ್ಣವೂ ಘನ, ಹಾಗಾಗಿ ‘ಕೆ’ ಎಂದರೆ ಬರೀ ಕಾರ್ಬನ್ ಡೈಆಕ್ಸೈಡಿನ ಒತ್ತಡ. ಚಿಪ್ಪಿ ಒಂದು ಬುಟ್ಟಿ ಇರಲಿ, ಹತ್ತು ಬುಟ್ಟಿ ಇರಲಿ, ಮುಚ್ಚಿದ ಪಾತ್ರೆಯಲ್ಲಿ ಆ ಉಷ್ಣತೆಗೆ ಒತ್ತಡ ಅಷ್ಟೇ.

ಮಕ್ಕಳು ಎಡವುವ ಜಾಗ ನೀರು. ನೀರೇ ದ್ರಾವಕವಾಗಿ ತುಂಬಿಕೊಂಡಿದ್ದರೆ ಅದರ ಸಾರತೆ ಬದಲಾಗದು, ಬಿಡಬಹುದು. ಕ್ರಿಯೆಯಲ್ಲಿ ಸ್ವಲ್ಪವೇ ಹುಟ್ಟುವ ನೀರನ್ನು ಬಿಡುವಂತಿಲ್ಲ. ಮುಂದಿನ ಲೆಕ್ಕ ಅದಕ್ಕೇ.

ಹೆಜ್ಜೆ 6: ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ

ಅಸಿಟಿಕ್ ಆಮ್ಲ + ಎಥನಾಲ್ ⇌ ಎಥೈಲ್ ಅಸಿಟೇಟ್ + ನೀರು

ಫ್ರಾನ್ಸಿನ ಬರ್ತೆಲೊ ಮತ್ತು ಪೆಯಾನ್ ದ ಸೇಂಟ್ ಜಿಲ್ 1862ರ ಹೊತ್ತಿಗೆ ಪರಿಶೀಲಿಸಿದ ಕ್ರಿಯೆ ಇದು. ಇದರ ‘ಕೆ’ ಸುಮಾರು 4. ಎರಡು ಕಡೆಯೂ ಅಣುಗಳ ಸಂಖ್ಯೆ ಸಮವಾಗಿರುವುದರಿಂದ ಗಾತ್ರ ಹೊಡೆದುಹೋಗುತ್ತದೆ, ಮೋಲ್‌ಗಳಲ್ಲೇ ಲೆಕ್ಕ ಮಾಡಬಹುದು.

ಆಮ್ಲ 1 ಮೋಲ್, ಎಥನಾಲ್ 1 ಮೋಲ್ ಹಾಕಿದೆವು. ಹುಟ್ಟುವ ಎಸ್ಟರ್ (ಎಥೈಲ್ ಅಸಿಟೇಟ್) ‘ಕ್ಷ’ ಮೋಲ್ ಇರಲಿ. ಆಗ ನೀರೂ ‘ಕ್ಷ’, ಉಳಿದ ಆಮ್ಲ, ಎಥನಾಲ್ ತಲಾ 1 − ಕ್ಷ.

ಕ್ಷ² ÷ (1 − ಕ್ಷ)² = 4
ಕ್ಷ ÷ (1 − ಕ್ಷ) = 2
ಕ್ಷ = 2/3 = 0.667

ಮೂರನೇ ಎರಡು ಭಾಗ ಎಸ್ಟರ್ ಆಗುತ್ತದೆ. ಎದುರು ದಿಕ್ಕಿನಿಂದಲೂ ಮಾಡಿ ನೋಡಿ: ಎಸ್ಟರ್ 1 ಮೋಲ್, ನೀರು 1 ಮೋಲ್ ಹಾಕಿದರೆ ಮೂರನೇ ಒಂದು ಭಾಗ ಒಡೆದು ಇದೇ ಮಿಶ್ರಣವೇ ಸಿಗುತ್ತದೆ. ಇದನ್ನು ಸ್ವಂತ ಕೈಯಲ್ಲಿ ಬರೆದು ನೋಡಿದ ವಿದ್ಯಾರ್ಥಿಗೆ ಸಮತೋಲನದ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಆ ಮಿಶ್ರಣಕ್ಕೆ ಇನ್ನೊಂದು ಮೋಲ್ ಎಥನಾಲ್ ಸೇರಿಸಿ. ಸೇರಿಸಿದ ಕ್ಷಣದಲ್ಲಿ ಆಮ್ಲ 1/3, ಎಥನಾಲ್ 4/3, ಎಸ್ಟರ್ 2/3, ನೀರು 2/3. ಇದೇ ಸೂತ್ರದಲ್ಲಿ ಇಟ್ಟರೆ 4/9 ÷ 4/9 = 1. ಹೀಗೆ ಸಮತೋಲನಕ್ಕೆ ಬರುವ ಮುಂಚೆ ತೆಗೆದ ಭಾಗಲಬ್ಧಕ್ಕೆ ‘ಕ್ಯೂ’ ಎನ್ನುತ್ತಾರೆ. ಕ್ಯೂ 1, ಕೆ 4. ಕ್ಯೂ ಚಿಕ್ಕದಾದರೆ ಕ್ರಿಯೆ ಮುಂದಕ್ಕೆ, ದೊಡ್ಡದಾದರೆ ಹಿಂದಕ್ಕೆ. ಇಲ್ಲಿ ಮುಂದಕ್ಕೆ. ಎಲ್ಲಿಯವರೆಗೆ?

ಕ್ಷ² = 4(1 − ಕ್ಷ)(2 − ಕ್ಷ)
3ಕ್ಷ² − 12ಕ್ಷ + 8 = 0
ಕ್ಷ = 0.845

ಇನ್ನೊಂದು ಉತ್ತರ 3.155, ಒಂದು ಮೋಲ್ ಆಮ್ಲದಿಂದ ಅಷ್ಟು ಹುಟ್ಟಲಾರದು, ಬಿಡಿ. ಎಥನಾಲ್ ಎರಡರಷ್ಟಾದರೂ ಎಸ್ಟರ್ ಎರಡರಷ್ಟಾಗಲಿಲ್ಲ, 0.667ರಿಂದ 0.845ಕ್ಕೆ ಬಂತು. ‘ಸೇರಿಸಿದರೆ ಬಲಕ್ಕೆ ಹೋಗುತ್ತದೆ’ ಎಂದು ಬರೆದು ಸುಮ್ಮನಾಗುವ ಬದಲು ಎಷ್ಟು ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕುವುದು ಮೇಲು.

ಹೆಜ್ಜೆ 7: ಉಷ್ಣತೆಯನ್ನು ಬೇರೆಯಾಗಿ ನೋಡಿ

ಪ್ರಮಾಣ, ಒತ್ತಡ ಬದಲಿಸಿದರೆ ಕ್ಯೂ ಬದಲಾಗುತ್ತದೆ, ಕೆ ಹಾಗೆಯೇ ಇರುತ್ತದೆ. ಉಷ್ಣತೆ ಬದಲಿಸಿದರೆ ಮಾತ್ರ ಕೆ ಬದಲಾಗುತ್ತದೆ. ಸಮತೋಲನವನ್ನು ಕದಲಿಸಿದರೆ ಕ್ರಿಯೆ ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ಸರಿಯುತ್ತದೆ ಎಂದು ಲ ಶಾಟೆಲಿಯೆ 1884ರಲ್ಲಿ ಹೇಳಿದ ನಿಯಮವನ್ನು ಕಲಿಸುವಾಗ ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕುತ್ತಾರೆ, ಗೊಂದಲ ಅಲ್ಲೇ ಹುಟ್ಟುತ್ತದೆ.

ಕೈಯಾರೆ ನೋಡಲು ಸುಣ್ಣದ ತಿಳಿನೀರು ಸಾಕು. ಸುಣ್ಣ ಕರಗುವಾಗ ಶಾಖ ಬಿಡುತ್ತದೆ, ಹಾಗಾಗಿ ಬಿಸಿ ನೀರಿನಲ್ಲಿ ಅದು ಕಡಿಮೆ ಕರಗುತ್ತದೆ. ಕುದಿಯುವ ನೀರಿನಲ್ಲಿ ಲೀಟರಿಗೆ ಸುಮಾರು 0.7 ಗ್ರಾಂ ಅಷ್ಟೇ. ತಿಳಿನೀರಿನ ಬಾಟಲಿಯನ್ನು ಪೂರ್ತಿ ತುಂಬದೆ, ಮುಚ್ಚಳ ತೀರಾ ಬಿಗಿಯದೆ, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಗಾಜು ಒಡೆಯದಂತೆ ನೀರನ್ನು ನಿಧಾನ ಬಿಸಿಮಾಡಿ. ಸ್ವಲ್ಪ ಹೊತ್ತಿಗೆ ತಿಳಿನೀರಿನಲ್ಲಿ ಮಸುಕು ಕಾಣುತ್ತದೆ.

ಇಲ್ಲೂ ಹೆಜ್ಜೆ 2ರ ಪ್ರಶ್ನೆ ಬೇಕು. ಮಸುಕಿಗೆ ಬಿಸಿಯೇ ಕಾರಣವೋ, ಗ್ಯಾಸ್ ಒಲೆಯ ಕಾರ್ಬನ್ ಡೈಆಕ್ಸೈಡ್ ಒಳಸೇರಿತೋ? ತಣ್ಣಗಾದ ಮೇಲೆ ಬಾಟಲಿ ಕುಲುಕಿ ಇಡಿ. ಸುಣ್ಣವೇ ಹರಳುಗಟ್ಟಿದ್ದರೆ ಮತ್ತೆ ಕರಗಿ ತಿಳಿಯಾಗುತ್ತದೆ. ಕಾರ್ಬೊನೇಟ್ ಆಗಿದ್ದರೆ ಹಾಗೇ ಉಳಿಯುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಾದರೆ ಕೋಬಾಲ್ಟ್ ಕ್ಲೋರೈಡ್ ಇನ್ನೂ ಚೆಂದ: ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಬಿಸಿಮಾಡಿದರೆ ನೀಲಿ, ಮಂಜುಗಡ್ಡೆಯಲ್ಲಿಟ್ಟರೆ ಗುಲಾಬಿ. ಅದು ವಿಷ, ಅಧ್ಯಾಪಕರಿಲ್ಲದೆ ಮುಟ್ಟಬಾರದು.

ಕ್ರಿಯಾವರ್ಧಕದ ಬಗ್ಗೆ ಒಂದೇ ಮಾತು: ಅದು ಎರಡೂ ದಿಕ್ಕಿನ ವೇಗವನ್ನು ಹೆಚ್ಚಿಸುತ್ತದೆ, ಕೆ ಬದಲಿಸುವುದಿಲ್ಲ. ಗದ್ದೆಗೆ ಹಾಕುವ ಯೂರಿಯಾದ ಹಿಂದೆ ಇರುವ ಅಮೋನಿಯಾ ತಯಾರಿಕೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನೈಟ್ರೊಜನ್ ಒಂದು, ಹೈಡ್ರೊಜನ್ ಮೂರು ಸೇರಿ ಅಮೋನಿಯಾ ಎರಡು, ಶಾಖ ಹೊರಬರುತ್ತದೆ. ತಣ್ಣಗಿದ್ದಷ್ಟೂ ಅಮೋನಿಯಾಕ್ಕೆ ಒಳ್ಳೆಯದು, ಆದರೆ ತಣ್ಣಗಿದ್ದರೆ ಕ್ರಿಯೆ ನಡೆಯುವುದೇ ಇಲ್ಲ. ಅದಕ್ಕೆ 400ರಿಂದ 500 ಡಿಗ್ರಿ, ಸುಮಾರು 200 ವಾತಾವರಣದ ಒತ್ತಡ, ಕಬ್ಬಿಣದ ಕ್ರಿಯಾವರ್ಧಕ. ಒಂದು ಸುತ್ತಿಗೆ ಶೇಕಡಾ 15ರಷ್ಟು ಅಮೋನಿಯಾ ಆದರೂ ಅದನ್ನು ತಣಿಸಿ ದ್ರವ ಮಾಡಿ ಹೊರತೆಗೆದು, ಉಳಿದ ಅನಿಲವನ್ನು ಮತ್ತೆ ಒಳಗೆ ಬಿಡುತ್ತಾರೆ. ಜರ್ಮನಿಯ ಒಪ್ಪಾವಿನಲ್ಲಿ 1913ರಲ್ಲಿ ಈ ಕಾರ್ಖಾನೆ ಶುರುವಾಯಿತು. ಉತ್ಪನ್ನವನ್ನು ಹೊರಗೆ ಒಯ್ಯುವ ಉಪಾಯ ಚಿಪ್ಪಿ ಭಟ್ಟಿಯಲ್ಲಿ ಅದಕ್ಕೂ ಎಷ್ಟೋ ಹಿಂದಿನಿಂದ ಇದೆ.

ಹೆಜ್ಜೆ 8: ಕಲಿತದ್ದನ್ನು ಸಮುದ್ರಕ್ಕೆ ಹಚ್ಚಿ ನೋಡಿ

ಕಾರವಾರದ ಕಡಲಿಗೆ ನಿಂತು ಇದನ್ನು ಯೋಚಿಸಲು ನಾನು ಮಕ್ಕಳಿಗೆ ಹೇಳುತ್ತೇನೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಸಮುದ್ರದಲ್ಲೂ ಹೆಚ್ಚು ಕರಗುತ್ತದೆ. ಕರಗಿದ ಅನಿಲ ನೀರಿನ ಕಾರ್ಬೊನೇಟ್ ಅಯಾನುಗಳ ಜೊತೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ:

ಕಾರ್ಬನ್ ಡೈಆಕ್ಸೈಡ್ + ನೀರು + ಕಾರ್ಬೊನೇಟ್ ಅಯಾನು ⇌ 2 ಬೈಕಾರ್ಬೊನೇಟ್ ಅಯಾನು

ಚಿಪ್ಪಿ ಕಟ್ಟುವ ಜೀವಿಗೆ ಕಾರ್ಬೊನೇಟ್ ಅಯಾನು ಸಾಕಷ್ಟು ಇರಬೇಕು. ಎಡಗಡೆ ಅನಿಲ ಹೆಚ್ಚಿತು, ಕ್ಯೂ ಚಿಕ್ಕದಾಯಿತು, ಕ್ರಿಯೆ ಬಲಕ್ಕೆ, ಕಾರ್ಬೊನೇಟ್ ಕಡಿಮೆ. ಕೈಗಾರಿಕಾ ಕ್ರಾಂತಿಯ ಹಿಂದಿನ ಕಾಲಕ್ಕೆ ಹೋಲಿಸಿದರೆ ಜಗತ್ತಿನ ಸಮುದ್ರದ ಮೇಲ್ಪದರದ ಪಿಎಚ್ (ಇದು ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಸರಾಸರಿ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. 0.1 ಎಂದರೆ ಸಣ್ಣದೆನ್ನಿಸಬಹುದು. ಪಿಎಚ್ ಲಾಗರಿದಮ್ ಲೆಕ್ಕವಾದ್ದರಿಂದ 10ರ ಘಾತ 0.1, ಅಂದರೆ 1.26. ಹೈಡ್ರೊಜನ್ ಅಯಾನು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಏರಿದೆ.

ಇಲ್ಲಿಂದ ಮುಂದಿನದನ್ನು ನೀವೇ ಬಿಡಿಸಿ. ಅಳಿವೆಯಿಂದ ಆರಿಸಿದ ಖಾಲಿ ಚಿಪ್ಪಿಯ ಎರಡು ಚೂರು ತೆಗೆದುಕೊಂಡು ಒಣಗಿಸಿ ತೂಗಿ. ಒಂದನ್ನು ಸಾದಾ ನೀರಿನಲ್ಲಿ, ಇನ್ನೊಂದನ್ನು ಬಾಟಲಿಯ ಸೋಡಾದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ದಿನಕ್ಕೊಮ್ಮೆ ಸೋಡಾ ಬದಲಿಸಿ, ಒಂದು ವಾರದ ನಂತರ ಎರಡನ್ನೂ ಒಣಗಿಸಿ ತೂಗಿ. ಸೋಡಾ ಬದಲಿಸದೆ ಹಾಗೇ ಬಿಟ್ಟಿದ್ದರೆ ತೂಕ ಇಳಿಯುವುದು ಯಾವ ಹಂತಕ್ಕೆ ನಿಲ್ಲುತ್ತಿತ್ತು, ಏಕೆ ಎಂದು ತೂಗುವ ಮೊದಲೇ ಬರೆದಿಡಿ.